ನಮ್ಮ ಓಣಿಗೆ ಮರಿ ಬೇಕ್ರಿ

ಸಾಗರನಿಗೆ ನೌಕರಿ ಸಿಕ್ಕಿದ್ದು ಕಾಡಪ್ಪನ ಮನೆಗೆ ದೊಡ್ಡ ಸೋಜಿಗವಾಗಿತ್ತು. ಗೌಂಡಿ ಕೆಲಸ ಮಾಡಿ ಮಾಡಿ ಅಂಗೈಯೆಲ್ಲ ಸಿಮೆಂಟಿನಂತಾಗಿದ್ದ ಕಾಡಪ್ಪನಿಗೆ, ಮಗ ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ ಕುಳಿತು ದುಡಿಯುತ್ತಾನೆ ಎಂದು ಹೇಳಿಕೊಳ್ಳುವುದೇ ಸುಖ. ಮುನವಳ್ಳಿಯ ಸಂತೆಗೆ ಹೋದರೂ ಅದೇ ಮಾತು, ಕಟ್ಟುತ್ತಿದ್ದ ಮನೆಯ ಮಾಳಿಗೆ ಏರಿದರೂ ಅದೇ ಮಾತು.

ಕೆಲಸವಾದರೂ ಎಂಥದು? ಸರಕಾರದವರು ಊರ ತುಂಬ ಕಂಬ ನೆಟ್ಟು ಕ್ಯಾಮೆರಾ ಕೂಡಿಸಿದ್ದರು. ಮೊದಲು ಬಸ್ ನಿಲ್ದಾಣಕ್ಕೆ, ಆಮೇಲೆ ಸಂತೆಕಟ್ಟೆಗೆ, ಕಡೆಗೆ ಓಣಿ ಓಣಿಗೂ. ಅವೆಲ್ಲ ಕಂಡದ್ದು ಕಚೇರಿಯ ಮಹಡಿಯ ಮೇಲಿನ ಕೋಣೆಯಲ್ಲಿ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಮೂಡುತ್ತಿತ್ತು. ಅದನ್ನು ನೋಡುತ್ತ ಕೂಡುವುದೇ ಸಾಗರನ ಕೆಲಸ. ಜನ ಮೊದಮೊದಲು ಕಂಬದ ಕೆಳಗೆ ನಿಂತು ತಲೆ ಎತ್ತಿ ನೋಡಿ, "ಅಬ್ಬಬ್ಬಾ, ಇದಕ್ಕ ಎಲ್ಲಾ ಕಾಣತೈತಂತ" ಎಂದು ಬಾಯಿ ಬಿಡುತ್ತಿದ್ದರು. ಕೆಲವರು ಕೂದಲು ತೀಡಿಕೊಂಡು ನಗುತ್ತಲೂ ಇದ್ದರು.

ಒಂದು ಸಂಜೆ ಮನೆಯವರೆಲ್ಲ ಊಟಕ್ಕೆ ಕುಳಿತಿದ್ದರು. ತಾಯಿ ದುರ್ಗಾ ಬಿಸಿ ರೊಟ್ಟಿ ಬಡಿದು ಬಡಿದು ಹಾಕುತ್ತಿದ್ದಳು. ಸಾಗರ ಎಣಗಾಯಿ ಹಚ್ಚಿಕೊಳ್ಳುತ್ತ ಅಜ್ಜಿ ಮರೆವ್ವನನ್ನು ಕೆಣಕಿದ.

"ಆಯಿ, ಇವತ್ತ ಕಟ್ಟಿ ಮ್ಯಾಲ ಕುಂತು ಬಾಜೂಮನಿ ಬಾಯವ್ವನ ಆಡಿಗೆ ರೊಟ್ಟಿ ತಿನಿಸಿದಿ. ಹೌದೋ ಅಲ್ಲೋ?"

"ನಿನಗ ಯಾರ ಹೇಳಿದರೋ?"

"ಯಾರ್ಯಾಕ ಹೇಳಬೇಕು? ನಾನ ನೋಡೀನಿ. ಕಟಗ ರೊಟ್ಟಿ ಹಾಕಿದ್ಯೋ, ಮೆತ್ತನ ರೊಟ್ಟಿ ಹಾಕಿದ್ಯೋ ಅದೂ ಕಾಣತೈತಿ."

ದುರ್ಗಾ ರೊಟ್ಟಿ ಬಡಿಯುತ್ತಿದ್ದ ಕೈಯನ್ನು ಗಲ್ಲಕ್ಕೆ ಒತ್ತಿಕೊಂಡಳು. ಗಲ್ಲದ ಮೇಲೆ ಹಿಟ್ಟು ಮೂಡಿತು. "ಅಯ್ಯ ನಮ್ಮವ್ವ! ಹಂಗಾರ ನಾ ನೀರಿಗೆ ಹೋಗಿದ್ದೂ ಕಂಡಿತೇನು? ಸೆರಗ ಬರೋಬ್ಬರಿ ಇತ್ತಿಲ್ಲೋ?"

ಎಲ್ಲರೂ ನಕ್ಕರು. ಕಾಡಪ್ಪನಂತೂ ಮಗನ ಕಡೆ ಕೈ ಮಾಡಿ, "ನೋಡ್ರಿ ನನ್ನ ಮಗಾನ್ನ, ಸವದತ್ತಿ ಗುಡ್ಡದ ಮ್ಯಾಲ ಇರೂ ಎಲ್ಲಮ್ಮಗೂ ಇಷ್ಟ ಕಾಣತೈತೋ ಇಲ್ಲೋ" ಎಂದ. ಸಾಗರ ಉಬ್ಬಿದ. "ಅದಕ್ಕ ಕುತಿಗಿ ಐತಪಾ. ಎತ್ತಾಗ ಬೇಕಾದರೂ ಹೊಳ್ಳತೈತಿ. ಇನ್ನ ಮ್ಯಾಲ ಮಾರಿ ನೋಡಿ ಹೆಸರೂ ಹೇಳತೈತಿ. ಊರ ಮಂದಿ ಮಾರಿ ಫೋಟೋ ಎಲ್ಲಾ ಅದರಾಗ ತುಂಬಾಕತ್ತೇವಿ."

ಹಿರಿಯ ಮಗಳು ಪೂನಮ್ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಉಣ್ಣುತ್ತಿದ್ದಳು. ಚೊಚ್ಚಲ ಹೆರಿಗೆಗೆಂದು ಗಂಡನ ಊರು ರಾಮದುರ್ಗದಿಂದ ತವರಿಗೆ ಬಂದಿದ್ದ ಹುಡುಗಿ. ಮುರಿದ ತುತ್ತನ್ನು ಅಲ್ಲೇ ಹಿಡಿದು ಕೇಳಿದಳು.

"ಸಾಗರ, ನಮ್ಮ ಬಚ್ಚಲಾ ಕಾಣತೈತೇನು?"

ಸಾಗರ ನೀರು ಕುಡಿದ. "ಉಣ್ಣೂಮುಂದ ಅದೆಲ್ಲಾ ಯಾಕಕ್ಕಾ?"

"ಕಾಣತೈತೋ ಇಲ್ಲೋ, ಹೇಳು."

"ನಾ ಆಕಡೆ ನೋಡೂದಿಲ್ಲ."

ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಆ ಓಣಿಯ ಬಚ್ಚಲುಗಳೆಲ್ಲ ಅಂಗಳದ ಮೂಲೆಯಲ್ಲಿ ಎದೆಮಟ್ಟದ ಕಲ್ಲುಗೋಡೆ ಕಟ್ಟಿ ಮಾಡಿದಂಥವು. ಒಂದು ಕಡೆ ಹಂಡೆ, ಹಂಡೆಯ ಕೆಳಗೆ ಕಟ್ಟಿಗೆಯ ಒಲೆ, ಮೇಲೆ ಬರೀ ಆಕಾಶ. ಅಜ್ಜಿಯರ ಅಜ್ಜಿಯರೂ ಹಾಗೇ ನೀರು ಎರೆದುಕೊಂಡಿದ್ದರು. ಮೇಲಿನಿಂದ ಯಾರಾದರೂ ನೋಡಿಯಾರು ಎಂಬ ವಿಚಾರ ಯಾರಿಗೂ ಬಂದಿರಲಿಲ್ಲ.

ಕಿರಿಯವಳು ಪ್ರಜ್ಞಾ ಬೈಲಹೊಂಗಲದ ಕಾಲೇಜಿಗೆ ಹೋಗುವವಳು. ಅವಳು ಮೆಲ್ಲಗೆ ಕೇಳಿದಳು. "ನಿನ್ನ ಪಾಳಿ ಮುಗದ ಮ್ಯಾಲ ಆ ಕುರ್ಚಿ ಮ್ಯಾಲ ಯಾರ ಕುಂದ್ರತಾರ?"

"ಇನ್ನೊಬ್ಬಂವ ಅದಾನ."

"ಅಂವಾ ಆಕಡೆ ನೋಡತಾನೋ ಇಲ್ಲೋ?"

ಸಾಗರ ಕೈ ತೊಳೆದುಕೊಂಡು ಎದ್ದು ಹೋದ.

ಮರುದಿನದಿಂದ ಪೂನಮ್ ಬಚ್ಚಲಿಗೆ ಹೋಗಲೊಲ್ಲಳು. ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಂದು ತಂಬಿಗೆಯಲ್ಲಿ ಅರಿವೆ ಅದ್ದಿ ಮೈ ಒರೆಸಿಕೊಂಡು ಬರುತ್ತಿದ್ದಳು. ನೆಲವೆಲ್ಲ ತೇವವಾಗಿ ದುರ್ಗಾ ಜಾರಿ ಬಿದ್ದು ಸೊಂಟ ಹಿಡಿದುಕೊಂಡಳು. ಸುದ್ದಿ ರಾಮದುರ್ಗಕ್ಕೂ ಹೋಯಿತು. ಅಳಿಯ ಮಹಾದೇವ ಫೋನಿನಲ್ಲಿ, "ನಮ್ಮನ್ಯಾಗ ಪಕ್ಕಾ ಬಾತ್‌ರೂಮ್ ಐತಿ. ಬಾಣಂತನಾ ಇಲ್ಲೇ ಆಗ್ಲಿ. ಬಂದು ಕರಕೊಂಡು ಹೊಕ್ಕೇನಿ" ಎಂದ. ಅವನದೂ ತಪ್ಪಲ್ಲ. ಆದರೆ ಚೊಚ್ಚಲ ಬಾಣಂತನ ತವರಿನಲ್ಲಿ ಆಗದೆ ಹೋಯಿತು ಎಂದರೆ ಆ ಮನೆಯವರು ತಲೆ ಎತ್ತುವುದು ಹೇಗೆ? ಅದರಲ್ಲೂ ಮರೆವ್ವನಿಗೆ? ಆ ಅಂಗಳದಲ್ಲಿ ಆಕೆ ಎರೆಯದ ಬಾಣಂತಿಯಿಲ್ಲ, ಕಾಲ ಮೇಲೆ ಹಾಕಿಕೊಂಡು ತಿಕ್ಕದ ಕೂಸಿಲ್ಲ. ಮೊಮ್ಮಗಳಿಗೂ ಮರಿಮಗುವಿಗೂ ತನ್ನ ಕೈಯಿಂದಲೇ ಎರೆಯಬೇಕು ಎನ್ನುವುದೊಂದೇ ಆಸೆ ಇಟ್ಟುಕೊಂಡು ಮುದುಕಿ ಆ ವರುಷ ಬದುಕಿದ್ದಳು.

ಕಾಡಪ್ಪ ತನಗೆ ತಿಳಿದ ಉಪಾಯ ಮಾಡಿದ. ಬಚ್ಚಲಿನ ಮೇಲೆ ಬಿದಿರಿನ ಗಳ ಅಡ್ಡ ಹಾಕಿ ಪ್ಲಾಸ್ಟಿಕ್ ತಾಡಪತ್ರಿ ಬಿಗಿದ. ಒಲೆ ಹೊತ್ತಿಸಿದ್ದೇ ತಡ, ಹೊಗೆಯೆಲ್ಲ ಒಳಗೇ ಸುತ್ತಿ ಮರೆವ್ವ ಕೆಮ್ಮುತ್ತ ಕಣ್ಣೊರೆಸುತ್ತ ಹೊರಗೆ ಬಂದಳು.

"ಯವ್ವಾ, ನಾಲ್ಕ ದಿನಾ ಸಹಿಸಿಕೋ" ಎಂದ ಕಾಡಪ್ಪ.

"ಬಾಣಂತಿ ಕಣ್ಣಿಗೆ ಹೊಗಿ ಹಾಕಿ ಕೊಲ್ಲಾಂವ ಅದೀಯೇನು? ನೋಡಾವರನ್ನ ಬಿಟ್ಟು ಎರಕೊಳ್ಳಾವರಿಗೆ ಮುಚ್ಚಳ ಹಾಕತೀಯಲ್ಲೋ!"

"ಸರಕಾರದ ಕಂಬ ಅದು. ಅದನ್ನೇನ ನಾ ಕೆಡವಲಿ?"

"ಕೆಡವಂತ ಯಾರ ಅಂದರು? ಕೇಳೂಣು. ಕೇಳಾಕ ಬಾಯಿ ಐತಲ್ಲ."

ಬಾಯವ್ವನ ಮನೆಯಲ್ಲೂ ಅದೇ ಗೋಳು, ಆಚೆ ಮನೆಯಲ್ಲೂ ಅದೇ. ಬರೀ ಎರೆದುಕೊಳ್ಳುವ ಮಾತೂ ಅಲ್ಲ. ಯಾರ ಮನೆಗೆ ಯಾರು ಬಂದರು, ಯಾರು ಯಾರ ಕೂಡ ನಿಂತು ಮಾತಾಡಿದರು ಎನ್ನುವುದೂ ಕಂಬಕ್ಕೆ ಗೊತ್ತಾಗುತ್ತದೆ ಎಂದಮೇಲೆ ಹೆಂಗಸರು ಕಟ್ಟೆಯ ಮೇಲೆ ಕೂಡುವುದನ್ನೇ ಬಿಟ್ಟಿದ್ದರು. ಓಣಿ ಮೂಕಾಗಿತ್ತು.

ಪ್ರಜ್ಞಾ ಅರ್ಜಿ ಬರೆಯಲು ಕುಳಿತಳು. "ಆಯಿ, ಇದಕ್ಕ ಖಾಸಗಿತನಾ ಅಂತಾರ. ಅದು ಎಲ್ಲಾರ ಹಕ್ಕು ಅಂತ ದಿಲ್ಲಿಯ ದೊಡ್ಡ ಕೋರ್ಟ ಹೇಳೇತಿ."

"ಖಾಸಗಿತನಾ ಅಂದ್ರ?"

"ನಮ್ಮದು ನಮಗಷ್ಟ ಇರೂದು. ಮಂದಿ ಕಣ್ಣಿಗೆ ಬೀಳದಂಗ."

"ಅಂದ್ರ ಮರಿ ಅನ್ನಲ್ಲ! ಅಷ್ಟಕ್ಕ ಇಷ್ಟುದ್ದ ಬರೀಬೇಕೇನು? ನಾ ಬಾಯಿಲೆ ಹೇಳತೇನಿ ತಗೋ."

ಮರೆ ಎನ್ನುವುದನ್ನು ಈ ಸೀಮೆಯವರು ಮರಿ ಎನ್ನುತ್ತಾರೆ. ಮಲಪ್ರಭೆಯ ದಂಡೆಯಲ್ಲಿ ಒಬ್ಬಳು ಸೀರೆ ಬದಲಿಸಬೇಕಾದರೆ, ಹೊಲದಲ್ಲಿ ಒಬ್ಬಳಿಗೆ ಹೆರಿಗೆಯ ಬೇನೆ ಬಂದರೆ, ಸುತ್ತಲಿನವರನ್ನು "ಮರಿ ಹಿಡೀರೇ" ಎಂದು ಕೂಗುತ್ತಾರೆ. ಇಬ್ಬರು ಬಂದು ಸೀರೆಯ ಎರಡು ತುದಿ ಹಿಡಿದು ನಿಲ್ಲುತ್ತಾರೆ. ಕೂಗು ಕಿವಿಗೆ ಬಿದ್ದಮೇಲೆ ಮಾತು ಬಿಟ್ಟವರಾದರೂ ಬರಲೇಬೇಕು. ಬಂದವರು ಬೆನ್ನು ತಿರುಗಿಸಿ ನಿಲ್ಲಬೇಕು. ಯಾರು ಯಾವಾಗ ಮಾಡಿದ ಕಟ್ಟಳೆಯೋ, ಇವತ್ತಿಗೂ ಯಾರೂ ಮುರಿದಿಲ್ಲ.

ಹೀಗೆ ಅರ್ಜಿಯ ಕಾಗದವಿಲ್ಲದೆ, ಪ್ರಜ್ಞಾ ಕಾಲೇಜಿಗೆ ಹೋದ ಹೊತ್ತಿನಲ್ಲಿ, ಮರೆವ್ವನ ಹಿಂದೆ ಓಣಿಯ ಹೆಂಗಸರೆಲ್ಲ ಸಾಗರನ ಕಚೇರಿಗೆ ಹೋದರು. ಅಲ್ಲಿನ ಸಾಹೇಬರು ಮಂಡ್ಯದ ಕಡೆಯವರು, ಹೊಸದಾಗಿ ಬಂದವರು. ಮಾತು ಮೆತ್ತಗೆ.

"ನಮ್ಮ ಓಣಿಗೆ ಮರಿ ಬೇಕ್ರಿ ಸಾಹೇಬ್ರ" ಎಂದಳು ಮರೆವ್ವ ಕೈಮುಗಿದು.

"ಮರಿನಾ? ಎಷ್ಟು ಮನೆಗಮ್ಮ?"

"ಎಲ್ಲಾ ಮನಿಗೂ ಬೇಕ್ರಿ. ಮೊದಲ ಇತ್ರಿ. ಈಗ ಕಳಕೊಂಡ ಕುಂತೇವಿ."

ಸಾಹೇಬರು ನೆಟ್ಟಗೆ ಕುಳಿತರು. "ಕಳೆದುಹೋಯ್ತಾ? ಕ್ಯಾಮೆರಾ ಇದ್ದೂ?"

"ಕ್ಯಾಮೆರಾ ಬಂದ ಮ್ಯಾಲನ ಹೋತ್ರಿ" ಎಂದಳು ಬಾಯವ್ವ.

"ಛೆ ಛೆ, ಎಂಥ ಅನ್ಯಾಯ. ಮರಿ ಇಲ್ಲದೆ ಪಾಪ ನೀವು ಜೀವನ ಮಾಡೋದು ಹೇಗೆ? ನಾನೇ ಮಾತಾಡ್ತೀನಿ. ವಾರದೊಳಗೆ ಜನ ಕಳಿಸ್ತೀನಿ, ಹೋಗಿ."

ಹೆಂಗಸರಿಗೆ ನಂಬಲು ಆಗಲಿಲ್ಲ. ದಾರಿಯುದ್ದಕ್ಕೂ ಸಾಹೇಬರ ಗುಣಗಾನವೇ. "ಹೆತ್ತ ತಾಯಿ ಮನಸ್ಸ ಐತಿ ಆ ಗಂಡಸಿಗೆ" ಎಂದು ಮರೆವ್ವ ಕಣ್ಣೊರೆಸಿಕೊಂಡಳು.

ವಾರದೊಳಗೆ ಜನ ಬಂದದ್ದೂ ನಿಜ. ಬಂದವನು ಪಶು ದವಾಖಾನೆಯ ಒಬ್ಬ ಹುಡುಗ ಡಾಕ್ಟರ. ಅವನೂ ಸಾಹೇಬರ ಸೀಮೆಯವನೇ. ಓಣಿಯನ್ನೆಲ್ಲ ನೋಡಿ, "ಅಜ್ಜಿ, ಮರಿ ಕಟ್ಟೋಕೆ ಜಾಗ ತೋರಿಸಿ" ಎಂದ.

ಮರೆವ್ವ ಕಂಬದ ಕಡೆ ಬೆರಳು ಮಾಡಿದಳು. "ಅದಕ್ಕ ಕಟ್ರಿ. ಅಗದಿ ತುದೀಗೆ."

"ತುದಿಗಾ! ಮೇಲೆ ಕಟ್ಟಿದರೆ ಸತ್ತೇಹೋಗ್ತದೆ ಅಜ್ಜಿ!"

"ಸಾಯವಲ್ದ್ಯಾಕ, ನಮಗೂ ಅದ ಬೇಕಾಗೇತಿ. ಹಾಡಾಹಗಲಿ ನಮ್ಮ ಬಚ್ಚಲಾ ನೋಡತೈತಿ."

"ಕುರಿಮರಿ ಬಚ್ಚಲು ನೋಡ್ತದಾ?"

ಕಾಲೇಜಿನಿಂದ ಅದೇ ತಾನೇ ಬಂದ ಪ್ರಜ್ಞಾ ಇದನ್ನು ಕೇಳಿ ಚೀಲ ಅಲ್ಲೇ ಒಗೆದು ಹೊಟ್ಟೆ ಹಿಡಿದುಕೊಂಡು ಕುಸಿದು ಕುಳಿತಳು. ನಗು ತಡೆದು ತಡೆದು ಅವನಿಗೆ ಒಂದೊಂದೇ ಬಿಡಿಸಿ ಹೇಳಿದಳು. ಅವನೂ ನಕ್ಕ. ಆಮೇಲೆ ಕಂಬವನ್ನೂ ಬಚ್ಚಲುಗಳನ್ನೂ ಒಮ್ಮೆ ನೋಡಿ ನಗು ನಿಲ್ಲಿಸಿದ. "ನನ್ನ ಕೈಲಾಗೋದು ಕುರಿಮರಿ ಅಷ್ಟೇ ಅಜ್ಜಿ" ಎಂದು ಹೊರಟುಹೋದ. ಮರೆವ್ವನಿಗೆ ಮಾತ್ರ ನಗು ಬರಲಿಲ್ಲ. ತನ್ನ ಬಾಯಿಯ ಮಾತು ಸಾಹೇಬರಿಗೆ ಮುಟ್ಟಲೇ ಇಲ್ಲವಲ್ಲ ಎಂದು ಅವತ್ತು ಊಟ ಬಿಟ್ಟಳು.

ಕಥೆ ಊರೆಲ್ಲ ಹಬ್ಬಿತು. ಚಹಾದ ಅಂಗಡಿಯಲ್ಲಿ "ಸಾಹೇಬ್ರ, ಮರಿ ಐತೇನ್ರಿ?" ಎಂದು ಮಂದಿ ಮುಸಿಮುಸಿ ನಕ್ಕರು. ಸಾಹೇಬರ ಮೆತ್ತಗಿನ ಮಾತು ಗಟ್ಟಿಯಾಯಿತು. ಓಣಿಗೆ ತಾವೇ ಬಂದು, "ತಪ್ಪು ಮಾಡದವರಿಗೆ ಕ್ಯಾಮೆರಾ ಕಂಡರೆ ಯಾಕೆ ಭಯ?" ಎಂದು ಗದರಿದರು.

"ಎರಕೊಳ್ಳೂದು ತಪ್ಪಲ್ರಿ. ಆದರೂ ನಿಮ್ಮ ಮನ್ಯಾಗ ಬಾಗಲಾ ಹಾಕ್ಕೋತೀರಿಲ್ರಿ?" ಎಂದಳು ಮರೆವ್ವ.

ಸಾಹೇಬರು ಜೀಪು ಹತ್ತಿದರು. ಆ ಸಿಟ್ಟು ಬಿದ್ದದ್ದು ಸಾಗರನ ಮೇಲೆ. ಅವನು ಮನೆಗೆ ಬಂದವನೇ ಚಪ್ಪಲಿ ಬಿಡದೆ ಕೂಗಾಡಿದ.

"ನನ್ನ ನೌಕರಿ ತಗಸಬೇಕಂತ ಮಾಡೀರೇನು? ಎಲ್ಲಾರೂ ನನ್ನ ಮಾರಿ ನೋಡಿ ನಗಾಕತ್ತಾರ!"

"ನಿನ್ನ ಮಾರಿ ನೋಡಿದರ ನಿನಗ ಇಷ್ಟ ಸಂಕಟ ಆಗತೈತಲ್ಲ" ಎಂದಳು ಪ್ರಜ್ಞಾ.

"ನೀ ಸುಮ್ಕಿರು, ಪುಸ್ತಕದ ಹುಳಾ!"

ದುರ್ಗಾ ನಡುವೆ ಬಂದಳು. "ಅಂವಗೊಂದು ಕುರ್ಚಿ ಸಿಕ್ಕೇತಿ. ಅದನ್ನೂ ಎಳಕೋತೀರೇನ್ರಿ ಅತ್ತಿ? ಗೌಂಡಿ ಮಗಾ ಗೌಂಡಿನ ಆಗಬೇಕೇನು?"

ಮರೆವ್ವ ಎಲೆಗೆ ಸುಣ್ಣ ಹಚ್ಚುತ್ತ ಕುಳಿತಳು. ಕಾಡಪ್ಪ ಯಾರ ಪರ ಮಾತಾಡಬೇಕೆಂದು ತಿಳಿಯದೆ ಅಂಗಳಕ್ಕೆ ಹೋಗಿ ನಿಂತ. ಪೂನಮ್ ಒಳಗೆ ಚೀಲ ತುಂಬಿಕೊಳ್ಳುತ್ತಿದ್ದಳು.

ಗಂಡ ಬಂದು ಕರೆದೊಯ್ಯುವುದಕ್ಕೆ ಮೊದಲೇ ಅವಳಿಗೆ ಬೇನೆ ಬಂತು. ಬೈಲಹೊಂಗಲದ ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮನೆಗೆ ಬಿಡುವ ದಿನ ಮಹಾದೇವ ಗಾಡಿ ತಂದು ನಿಂತ. ರಾಮದುರ್ಗಕ್ಕೋ ತವರಿಗೋ ಎಂಬುದೇ ತೀರ್ಮಾನವಾಗಿರಲಿಲ್ಲ. ಪೂನಮ್ ಕೂಸನ್ನು ಎದೆಗೆ ಒತ್ತಿಕೊಂಡು ಅಜ್ಜಿಯನ್ನೇ ನೋಡಿದಳು.

"ಆಯಿ, ನನಗೂ ಕೂಸಿಗೂ ಮರಿ ಮಾಡಿ ಕೊಡತೀ ಅಂದ್ರ ಬರತೇನಿ. ಇಲ್ಲಂದ್ರ ಹೊಕ್ಕೇನಿ. ಸಿಟ್ಟಾಗಬ್ಯಾಡ."

"ಮಾಡಿ ಕೊಡತೇನಿ, ಬಾ" ಎಂದಳು ಮರೆವ್ವ.

ದುರ್ಗಾ ಅತ್ತೆಯ ಸೆರಗು ಜಗ್ಗಿದಳು. "ಏನ ಮಾಡಾವರ್ರಿ ಅತ್ತಿ?"

"ನನಗೂ ಗೊತ್ತಿಲ್ಲ" ಎಂದಳು ಮುದುಕಿ.

ಮರುದಿನ ಮುಂಜಾನೆ ಹಂಡೆಯ ನೀರು ಕುದಿಯುತ್ತಿತ್ತು. ಎಣ್ಣೆ ಕಾಯಿಸಿಟ್ಟಾಗಿತ್ತು. ಪೂನಮ್ ಹೊಸ್ತಿಲ ಒಳಗೇ ನಿಂತಿದ್ದಳು, ಕಾಲು ಹೊರಗಿಡಲೊಲ್ಲಳು. ಮರೆವ್ವ ತಾಡಪತ್ರಿಯನ್ನು ಕಿತ್ತೊಗೆದು, ಓಣಿಯ ನಟ್ಟನಡುವೆ ಹೋಗಿ ನಿಂತು, ಇದ್ದಬದ್ದ ಉಸಿರೆಲ್ಲ ಕೂಡಿಸಿ ಕೂಗಿದಳು.

"ಮರಿ ಹಿಡೀರೇ... ಮರಿ ಹಿಡೀರೇ..."

ಮೊದಲು ಯಾರೂ ಬರಲಿಲ್ಲ. ಕಂಬದ ಕುತ್ತಿಗೆ ಮಾತ್ರ ದನಿ ಬಂದ ಕಡೆಗೆ ಹೊರಳಿತು. ಆಮೇಲೆ ಬಾಯವ್ವ ಹಗ್ಗದ ಮೇಲೆ ಒಣಗುತ್ತಿದ್ದ ಸೀರೆಯನ್ನು ಎಳೆದುಕೊಂಡು ಬಂದಳು. ಅವಳ ಹಿಂದೆ ಅವಳೊಡನೆ ವರುಷಗಟ್ಟಲೆ ಮಾತು ಬಿಟ್ಟಿದ್ದ ನೆಗೆಣ್ಣಿ, ಮೈದುನನ ಹೆಂಡತಿ, ಬಂದು ಇನ್ನೊಂದು ತುದಿ ಹಿಡಿದಳು. ಬಾಗಿಲುಗಳು ಒಂದರ ಹಿಂದೆ ಒಂದು ತೆರೆದವು. ಸೀರೆಗಳು ಗಿಡ್ಡಾದವು, ಕಂಬ ಎತ್ತರ. ಆಗ ಕಾಡಪ್ಪ ಬಂದ. ಮನೆ ಕಟ್ಟುವಾಗ ನಿಲ್ಲಿಸುವ ಬಿದಿರಿನ ಗಳಗಳನ್ನು ಹೆಗಲ ಮೇಲೆ ಹೊತ್ತು ತಂದು ಓಣಿಯಲ್ಲಿ ಇಳಿಸಿ, ಯಾರ ಮುಖವನ್ನೂ ನೋಡದೆ, ಉಳಿದ ಗಂಡಸರನ್ನೂ ಕರೆದುಕೊಂಡು ಹೊರಗೆ ನಡೆದ. ಹೆಂಗಸರು ಗಳದ ತುದಿಗೆ ಸೀರೆ ಕಟ್ಟಿ ಎತ್ತಿ, ಸೀರೆಯ ಒಳಮಗ್ಗುಲಿಗೆ ಬಚ್ಚಲಿಗೆ ಬೆನ್ನು ಮಾಡಿ ನಿಂತರು. ಇಳಕಲ್ಲ ಸೀರೆ, ನೂಲಿನ ಸೀರೆ, ಹಳೆ ಹರಕು ಸೀರೆ, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಧಾರೆಯ ಸೀರೆ. ಒಂದರ ಮೇಲೊಂದು ಗೋಡೆ ಎದ್ದಿತು. ಪೂನಮ್ ಕೂಸನ್ನೆತ್ತಿಕೊಂಡು ಹೊಸ್ತಿಲು ದಾಟಿದಳು. ಒಳಗೆ ನೀರು ಬಿದ್ದ ಸಪ್ಪಳ ಕೇಳಿದಾಗ ಗಳ ಹಿಡಿದ ಹೆಂಗಸರಿಗೆ ಮೈ ಜುಮ್ಮೆಂದಿತು. ತಾವೇ ಕಟ್ಟಿದ್ದನ್ನು ತಾವೇ ತಲೆ ಎತ್ತಿ ನೋಡಿ ಬೆರಗಾದರು.

ಮಹಡಿಯ ಕೋಣೆಯಲ್ಲಿ ಸಾಗರನೂ ನೋಡಿದ. ಪರದೆಯ ಮೇಲೆ ಬರೀ ಬಣ್ಣ. ಮುಖ ಕಂಡರೆ ಸುತ್ತ ಒಂದು ಹಸಿರು ಚೌಕ ಮೂಡಿ ಕೆಳಗೆ ಹೆಸರು ಬರುತ್ತಿತ್ತು. ಅವತ್ತು ಆ ಚೌಕ ಸೀರೆಯಿಂದ ಸೀರೆಗೆ ಅಲೆದು ಅಲೆದು ಎಲ್ಲಿಯೂ ನಿಲ್ಲದೆ ಅಳಿಸಿಹೋಯಿತು. ಇಷ್ಟು ದೊಡ್ಡ ಯಂತ್ರವನ್ನು ತನ್ನ ಅಜ್ಜಿ ಒಂದು ಕೂಗಿನಿಂದ ಕುರುಡು ಮಾಡಿದಳಲ್ಲ ಎಂದು ಅವನು ಪರದೆಗೆ ಇನ್ನಷ್ಟು ಹತ್ತಿರ ಸರಿದ.

ಬಾಣಂತಿಗೆ ದಿನವೂ ಎರೆಯಬೇಕು, ದಿನವೂ ಮರೆ ಎದ್ದಿತು. ಎರಡನೆಯ ವಾರಕ್ಕೆ ಮೇಲಿನ ಓಣಿಯವರೂ ಬಂದರು. ಮಸೀದಿಯ ಕಡೆಯ ಹೆಂಗಸರು ಓಢಣಿ ತಂದರು. ಆಮೇಲೆ ಅವರವರ ಓಣಿಯಲ್ಲೇ, ಅವರವರ ಕಂಬದ ಮುಂದೆಯೇ ಗಳಗಳು ಎದ್ದವು. ಪ್ರಜ್ಞಾಳ ಕಾಲೇಜಿನ ಹುಡುಗಿಯರು "ನಮಗೂ ಮರಿ ಬೇಕು" ಎಂದು ಹಲಗೆಯ ಮೇಲೆ ಬರೆದು ಹಿಡಿದರು. ಕಿತ್ತೂರಿನಿಂದ, ಹೂಲಿಯಿಂದ ಮಂದಿ ನೋಡಲು ಬಂದರು. ಮುಂಜಾನೆಯ ಹೊತ್ತಿನಲ್ಲಿ ಊರಿಗೆ ಊರೇ ಸೀರೆ ಹೊದ್ದು ನಿಂತಂತೆ ಕಾಣುತ್ತಿತ್ತು.

ಒಂದು ಮುಂಜಾನೆ ಸಾಹೇಬರು ಸಾಗರನ ಕುರ್ಚಿಯ ಹಿಂದೆ ಬಂದು ನಿಂತರು. ಮೇಲಿನವರಿಂದ ಬೈಸಿಕೊಂಡು ಬಂದಿದ್ದರು.

"ಇದು ನಿಮ್ಮ ಓಣಿ ತಾನೆ? ಯಾರ್ಯಾರು ನಿಂತಿದಾರೆ ಹೆಸರು ಹಾಕು."

"ಮಾರಿ ಕಾಣವಲ್ದ್ರಿ ಸರ್."

"ಯಂತ್ರಕ್ಕೆ ಕಾಣಲ್ಲ. ನಿನಗೆ ಸೀರೆ ನೋಡಿದರೇ ಗೊತ್ತಾಗ್ತದೆ."

ಮಾತು ಖರೆ. ಸಾಗರನಿಗೆ ಒಂದೊಂದೂ ಗೊತ್ತಿತ್ತು. ಹಸಿರು ಅಂಚಿನದು ಬಾಯವ್ವನದು. ತೇಪೆ ಹಾಕಿದ್ದು ಆಚೆ ಮನೆಯ ಮುದುಕಿಯದು. ಎಲ್ಲಕ್ಕಿಂತ ಮುಂದೆ, ಕಂಬಕ್ಕೆ ತೀರ ಹತ್ತಿರ, ಕೆಂಪು ಧಾರೆಯ ಸೀರೆ ಅವ್ವನದು. ಕುರ್ಚಿ ಹೋದೀತೆಂದು ಅತ್ತೆಯ ಮೇಲೆ ಹರಿಹಾಯ್ದಿದ್ದ ದುರ್ಗಾ ಎಂದಿನಿಂದ ಹೋಗಿ ನಿಂತಿದ್ದಳೋ ಅವನಿಗೆ ಗೊತ್ತೇ ಇರಲಿಲ್ಲ.

"ಇಷ್ಟೂ ಗೊತ್ತಿಲ್ವಾ?" ಎಂದರು ಸಾಹೇಬರು.

"ಗೊತ್ತೈತ್ರಿ. ಹೇಳೂದಿಲ್ರಿ."

ಸಾಗರ ಕುತ್ತಿಗೆಯಲ್ಲಿದ್ದ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದ. ಓಣಿಗೆ ಬಂದಾಗ ದುರ್ಗಾ ಗಳ ಹಿಡಿದೇ ನಿಂತಿದ್ದಳು. ಮಗನನ್ನು ಕಂಡು ಅವಳ ಮುಖ ಸಣ್ಣದಾಯಿತು.

"ಪಾಳಿ ಇಷ್ಟ ಲಗೂ ಮುಗೀತೇನೋ?"

"ಮುಗೀತು ಯವ್ವಾ. ಕೊಡು ಇಲ್ಲೆ, ನಾ ಹಿಡೀತೇನಿ."

ದುರ್ಗಾ ಗುರುತಿನ ಚೀಟಿಯಿಲ್ಲದ ಅವನ ಕುತ್ತಿಗೆಯನ್ನು ನೋಡಿದಳು. ಎಲ್ಲ ತಿಳಿಯಿತು. ಗಳವನ್ನು ಅವನ ಕೈಗೆ ಕೊಟ್ಟಳು.

ಸೀರೆಯ ಆಚೆಯಿಂದ ಮರೆವ್ವ ಕೂಗಿದಳು. "ಯಾರದು ಗಂಡಸಿನ ದನಿ?"

"ನಾ, ಆಯಿ."

"ಹಿಡೀತೀಯಂದ್ರ ಹಿಡಿ. ಆಕಡೆ ಮಾರಿ ಮಾಡಿ ನಿಂದ್ರು."

ಸಾಗರ ಸೀರೆಯ ಹೊರಗೇ ನಿಂತು ಬಚ್ಚಲಿಗೆ ಬೆನ್ನು ಮಾಡಿ ತಿರುಗಿದ. ತಿರುಗಿದರೆ ಎದುರಿಗೆ ಕಂಬ. ಅದರ ಕುತ್ತಿಗೆ ಮೆಲ್ಲಗೆ ಹೊರಳಿ ಅವನ ಮೇಲೆ ಬಂದು ನಿಂತಿತು. ಇಡೀ ಓಣಿಯಲ್ಲಿ ಅದಕ್ಕೆ ಕಾಣುವ ಮುಖ ಅವನದೊಂದೇ. ಈಗ ಮಹಡಿಯ ಕೋಣೆಯಲ್ಲಿ ಆ ಮುಖದ ಸುತ್ತ ಹಸಿರು ಚೌಕ ಮೂಡಿರುತ್ತದೆ, ಕೆಳಗೆ ಹೆಸರೂ ಬಂದಿರುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಓಣಿಯಲ್ಲಿ ಇರಲಿಲ್ಲ. ಬೆನ್ನ ಹಿಂದೆ ಬಿಸಿನೀರು ಸುರಿದ ಸಪ್ಪಳವಾಯಿತು, ಕೂಸು ಕಿಟಾರನೆ ಕಿರುಚಿತು, ಪೂನಮ್ ನಕ್ಕಳು. ಸಾಗರ ತಲೆ ತಗ್ಗಿಸಲಿಲ್ಲ. ಗಳವನ್ನು ಇನ್ನೂ ಒಂದಿಷ್ಟು ಮೇಲಕ್ಕೆ ಎತ್ತಿ ಹಿಡಿದ.